ಕಲ್ಲಿನ ಗೂಡಿನ ವೈಫೈ

ಶಹಾಬಾದದ ಮಡಿವಾಳಯ್ಯನವರು ಇಟ್ಟಿಗೆಯ ಮನೆಗಳನ್ನು ಮನೆಗಳೆಂದು ಒಪ್ಪುವವರಲ್ಲ. ಅವರ ಮಟ್ಟಿಗೆ ಅವು ಮಳೆ ಬರುವತನಕ ನಿಂತಿರುವ ಬಿಸ್ಕೀಟುಗಳು. ಮನೆ ಎಂದರೆ ಕಲ್ಲಿನದು, ಕಲ್ಲು ಎಂದರೆ ಶಹಾಬಾದದ್ದು, ಶಹಾಬಾದದ್ದು ಎಂದರೆ ಅವರ ಸ್ವಂತ ಕಲ್ಲಿನ ಅಡ್ಡೆಯಲ್ಲಿ ಪಾಲಿಶ್ ಆಗಿ ಲಾರಿ ಹತ್ತಿದ್ದು. (ಹಾಗಾದರೆ ಪಕ್ಕದ ಅಡ್ಡೆಯಿಂದ ಹೋಗುವುದು ಏನು ಎಂದು ಗಿರಾಕಿಯೊಬ್ಬ ಕೇಳಿದ್ದ. ಅವನಿಗೆ ಆವತ್ತು ಚಹಾ ಸಿಗಲಿಲ್ಲ.)

ಅವರ ಮನೆಯೂ ಮಾತಿಗೆ ತಕ್ಕ ಹಾಗೇ ಇತ್ತು. ಫರಸಿ ಎಂಬ ಹಾಸುಗಲ್ಲನ್ನು ಒಂದರ ಮೇಲೊಂದು ಪೇರಿಸಿ ಎಬ್ಬಿಸಿದ ಮೊಳದಗಲದ ಗೋಡೆಗಳು. ನೆಲ ಕಲ್ಲು, ಮಾಳಿಗೆ ಕಲ್ಲು, ಮೆಟ್ಟಿಲು ಕಲ್ಲು, ಪಾತ್ರೆ ಇಡುವ ಹಲಗೆಯೂ ಕಲ್ಲು. ದಿಂಬು ಮಾತ್ರ ಹತ್ತಿಯದು, ಅದೂ ಹೆಂಡತಿ ಭಾಗಮ್ಮನವರ ಹಟದಿಂದ. ದೊಡ್ಡ ಗಿರಾಕಿ ಬಂದರೆ ಮಡಿವಾಳಯ್ಯನವರು ಅವನನ್ನು ಅಡ್ಡೆಯಿಂದ ನೇರ ಮನೆಗೆ ಕರೆತಂದು, ಪಡಸಾಲೆಯ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ, ಇದನ್ನು ದಾಟಿ ಬಿಸಿಲು ಬರುವುದಿಲ್ಲ, ಸೆಕೆ ಬರುವುದಿಲ್ಲ, ಕಳ್ಳ ಬರುವುದಿಲ್ಲ ಎಂದು ಭಾಷಣ ಮಾಡುತ್ತಿದ್ದರು. ಅಡುಗೆಮನೆಯಿಂದ ಭಾಗಮ್ಮ ಊಟಕ್ಕೆ ಕರೆದ ಕೂಗೂ ದಾಟಿ ಬರುತ್ತಿರಲಿಲ್ಲ. ಅದನ್ನೂ ಅವರು ಕಲ್ಲಿನ ಗುಣಗಳ ಪಟ್ಟಿಗೇ ಸೇರಿಸಿದ್ದರು. ಈಚೆಗೆ ಜನ ಎಲ್ಲಿಂದಲೋ ಬರುವ ಹೊಳೆಯುವ ಟೈಲ್ಸಿಗೆ ಮರುಳಾಗಿ ಫರಸಿಯನ್ನು ಕೇಳುವವರೇ ಕಡಿಮೆಯಾಗಿದ್ದರು. ಹಾಗಾಗಿ ಆ ಗೋಡೆಗಳೇ ಅವರ ಕೊನೆಯ ಜಾಹೀರಾತು.

ಇಂಥ ಕೋಟೆಗೆ ಶ್ರುತಿ ಸೊಸೆಯಾಗಿ ಬಂದಳು. ಮಗ ಮಹೇಶಕುಮಾರ ಅಪ್ಪನ ಅಡ್ಡೆಯಲ್ಲೇ ದುಡಿಯುವವನು. ಬಾಯಿ ಕಡಿಮೆ, ಅಪ್ಪನ ಎದುರಿಗೆ ಇನ್ನೂ ಕಡಿಮೆ. ಶ್ರುತಿ ಹಾಗಲ್ಲ. ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಗುರುಶಾಂತಪ್ಪನವರ ಮಗಳು. ದಿನಾ ಸಂಜೆ ಲ್ಯಾಪ್‌ಟಾಪಿನ ಮುಂದೆ ಕುಳಿತು ಸುಲೇಪೇಟ, ವಾಡಿ, ಸೇಡಂ ಕಡೆಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಗೆ ಮುಂಚೆಯೇ, ಇದನ್ನು ಬಿಡುವುದಿಲ್ಲ ಎಂದು ಹೇಳಿದ್ದಳು. ಮಡಿವಾಳಯ್ಯನವರು ಒಪ್ಪಿದ್ದರು. ಒಪ್ಪುವುದಕ್ಕೆ ಏನಿದೆ, ಮನೆಯಲ್ಲಿ ವೈಫೈ ಇದೆಯಲ್ಲ.

ವೈಫೈ ಇತ್ತು, ಪಡಸಾಲೆಯಲ್ಲಿ. ಟಿವಿಯ ಪಕ್ಕದಲ್ಲಿ ಕುಳಿತ ರೌಟರು ಪಡಸಾಲೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿತ್ತು. ನಡುಮನೆಯ ಗೋಡೆ ಮುಟ್ಟುವ ಹೊತ್ತಿಗೆ ಅದರ ಜೀವ ಹೋಗುತ್ತಿತ್ತು. ಸೊಸೆಯ ಕೋಣೆ ನಡುಮನೆಗೂ ಆಚೆ. ಹೀಗಾಗಿ ಶ್ರುತಿ ಪಡಸಾಲೆಯಲ್ಲೇ ಪಾಠ ಮಾಡಬೇಕಾಯಿತು. ಅದೇ ಹೊತ್ತಿಗೆ ಅದೇ ಪಡಸಾಲೆಯಲ್ಲಿ ಮಾವನವರ ಟಿವಿ, ಮಾವನವರ ಗಿರಾಕಿ, ಮಾವನವರ ಕೆಮ್ಮು. ಮಕ್ಕಳು ಭಿನ್ನರಾಶಿಯ ಜೊತೆಗೆ, ಏಳಲು ಹೊರಟ ಗಿರಾಕಿಯನ್ನು ಮಾತಿನಲ್ಲೇ ಹಿಡಿದು ಕೂರಿಸುವುದು ಹೇಗೆಂಬುದನ್ನೂ ಕಲಿತರು. ಒಂದು ದಿನ ಹುಡುಗಿಯೊಬ್ಬಳು ನೆಲದ ವಿಸ್ತೀರ್ಣ ತೆಗೆದು ಉತ್ತರ ಹೇಳಿದಾಗ ಹಿಂದಿನಿಂದ ಮಡಿವಾಳಯ್ಯನವರು, ಒಡೆದುಹೋಗುವ ಕಲ್ಲಿಗೆಂದು ಸ್ವಲ್ಪ ಹೆಚ್ಚಿಗೆ ಹಿಡಿಯಬೇಕು ಎಂದು ತಿದ್ದಿದರು. ಪಾಪ, ಅವಳು ಪರೀಕ್ಷೆಯಲ್ಲೂ ಹೆಚ್ಚಿಗೆ ಹಿಡಿದು ಬಂದಳು. ಅವಳ ತಂದೆ ಫೋನು ಮಾಡಿ ಶ್ರುತಿಗೆ ಕೇಳಬಾರದ್ದನ್ನೆಲ್ಲ ಕೇಳಿದ.

ಶ್ರುತಿ ತನ್ನ ಕೋಣೆಗೆ ವೈಫೈ ಬರುವಂತೆ ಮಾಡಿಸಿರೆಂದು ಕೇಳಿದಳು. ಗೋಡೆ ದಪ್ಪ ಇದ್ದುದಕ್ಕೇ ಬರುತ್ತಿಲ್ಲ ಎಂದೂ ಸೇರಿಸಿದಳು. ಈ ಎರಡನೆಯ ವಾಕ್ಯವನ್ನು ಅವಳು ಆಡಬಾರದಿತ್ತು. ಮಡಿವಾಳಯ್ಯನವರು ಗೋಡೆಗೆ ಯಾರೋ ಉಗುಳಿದಂತೆ ನೋಡಿದರು. ಕಲ್ಲಿನ ಮೇಲೆ ಹೀಗೆ ಅಪವಾದ ಹೊರಿಸುವುದನ್ನು ಚಿತ್ತಾಪುರದಲ್ಲಿ ಕಲಿಸಿದರೇ ಎಂದು ಹೆಂಡತಿಯನ್ನು ಕೇಳಿದರು, ಸೊಸೆಗೆ ಕೇಳುವ ಹಾಗೆ. ದೋಷ ಕಂಪನಿಯದು, ಲ್ಯಾಪ್‌ಟಾಪಿನದು, ಈಗಿನ ಕಾಲದ್ದು, ಕಲ್ಲಿನದಲ್ಲ. ಶ್ರುತಿ ಇನ್ನೊಂದು ವಾರ ಬಚ್ಚಲ ಬಾಗಿಲಲ್ಲಿ, ಮಾಳಿಗೆಯ ಬಿಸಿಲಲ್ಲಿ, ಕೊನೆಗೆ ಹಿತ್ತಲ ತುಳಸಿಕಟ್ಟೆಯ ಬಳಿ ಕುಳಿತು ಪಾಠ ಮಾಡಿ ನೋಡಿದಳು. ಆಮೇಲೆ ಬ್ಯಾಗು ತುಂಬಿಕೊಂಡು ಚಿತ್ತಾಪುರದ ಬಸ್ಸು ಹತ್ತಿದಳು. ತವರಿನಲ್ಲಿ ಇಟ್ಟಿಗೆಯ ತೆಳು ಗೋಡೆ, ಅಡುಗೆಮನೆಯಲ್ಲೂ ವೈಫೈ.

ಜಗಳವಾಡಿ ಹೋಗಿದ್ದರೆ ಒಂದು ಮಾತು. ಅವಳು ಅತ್ತೆಗೆ ನಮಸ್ಕಾರ ಮಾಡಿ, ಮಾವನಿಗೆ ಹೇಳಿಯೇ ಹೋದಳು. ಆದರೆ ಊರಿಗೆ ಅಷ್ಟು ವಿವರ ಬೇಡ. ಸೊಸೆ ತವರಿಗೆ ಹೋದಳಂತೆ, ಮದುವೆಯಾಗಿ ಇನ್ನೂ ವರ್ಷವಾಗಿಲ್ಲವಂತೆ. ಅಡ್ಡೆಗೆ ಬಂದವರು ಕಲ್ಲನ್ನು ನೋಡುವ ಮೊದಲು ಮಡಿವಾಳಯ್ಯನವರ ಮುಖ ನೋಡತೊಡಗಿದರು. ಕಲ್ಲಿನ ಮನೆಯಲ್ಲಿ ಸೊಸೆ ನಿಲ್ಲುವುದಿಲ್ಲ ಎಂಬ ಸುದ್ದಿ ಒಮ್ಮೆ ಹಬ್ಬಿದರೆ ಹೆಣ್ಣು ಹೆತ್ತವರೂ ಕಲ್ಲು ಕೊಳ್ಳುವವರೂ ಇಬ್ಬರೂ ಟೈಲ್ಸಿನ ಅಂಗಡಿಗೆ ಹೋಗುತ್ತಾರೆ ಎಂಬುದು ಅವರಿಗೆ ಹೊಳೆಯಿತು. ಅಂದಿನಿಂದ ಅವರಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮಗನಿಗಂತೂ ಊಟವೇ ಸೇರುತ್ತಿರಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ.

ಆಗ ಬೀಗರ ಫೋನು ಬಂತು. ಗುರುಶಾಂತಪ್ಪನವರು ಜೀವಮಾನವಿಡೀ ಕೋರ್ಟಿನಲ್ಲಿ ಇನ್ನೊಬ್ಬರ ಜಗಳ ಕೇಳಿ ಕೇಳಿ, ಸ್ವಂತ ಜಗಳವನ್ನು ಬಲು ಮೆತ್ತಗೆ ಆಡಲು ಕಲಿತವರು.

"ಬೀಗರೇ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಕಲ್ಲ ದಾಟಿ ಅದು ಬರಂಗಿಲ್ರಿ. ಹುಡುಗಿ ಕೋಣಿದು ಒಂದೇ ಒಂದು ಗ್ವಾಡಿ ಇಟ್ಟಂಗಿದು ಮಾಡಸ್ರಿ, ಮುಗೀತು."

ಮಡಿವಾಳಯ್ಯನವರಿಗೆ ಮೈಯೆಲ್ಲ ಉರಿಯಿತು. ಕಲ್ಲಿನ ವ್ಯಾಪಾರಿಯ ಮನೆಯಲ್ಲಿ ಇಟ್ಟಿಗೆಯ ಗೋಡೆ. ನಾಳೆ ಗಿರಾಕಿ ಬಂದರೆ ಅದನ್ನು ತಟ್ಟಿ ಏನೆಂದು ಹೇಳುವುದು. ಒಂದು ಕಲ್ಲನ್ನೂ ತೆಗೆಯದೆ ಸೊಸೆಯನ್ನು ಕರೆತರುತ್ತೇನೆ, ವೈಫೈ ತನ್ನ ಕಲ್ಲಿನ ಮಧ್ಯೆ ಆರಾಮಾಗಿ ಓಡಾಡುವುದನ್ನು ಬೀಗರು ಕಣ್ಣಾರೆ ನೋಡುತ್ತಾರೆ ಎಂದು ಫೋನಿನಲ್ಲೇ ಪ್ರತಿಜ್ಞೆ ಮಾಡಿದರು. ಮಾಡಿದ ಮೇಲೆ ಅದನ್ನು ಮಾಡುವುದು ಹೇಗೆಂದು ಮಗನನ್ನು ಕೇಳಿದರು.

ಮಗ ವಾಡಿಯಿಂದ ಸಾಯಿಕುಮಾರನನ್ನು ಕರೆಸಿದ. ಇವನು ಮನೆಮನೆಗೆ ಇಂಟರ್‌ನೆಟ್ ಜೋಡಿಸುವವನು. ಒಂದು ಭುಜಕ್ಕೂ ಕಿವಿಗೂ ನಡುವೆ ಸದಾ ಫೋನು, ಇನ್ನೊಂದು ಕಡೆ ಕೆನ್ನೆಯಲ್ಲಿ ಗುಟ್ಕಾ. ಯಾರು ಏನು ಕೇಳಿದರೂ ಆಗುತ್ತದೆ ಎನ್ನುವುದು ಅವನ ವೃತ್ತಿಧರ್ಮ. ಇದಕ್ಕೆ ಮೆಶ್ ಅಂತ ಬಂದಿದೆ, ಕೋಣೆಗೊಂದು ಡಬ್ಬಿ ಇಡುವುದು, ಎಲ್ಲ ಡಬ್ಬಿಗಳೂ ಸೇರಿ ಒಂದೇ ವೈಫೈ; ನೀವು ನಡೆದುಹೋದ ಕಡೆ ಹತ್ತಿರದ ಡಬ್ಬಿ ನಿಮ್ಮನ್ನು ಹಿಡಿದುಕೊಳ್ಳುತ್ತದೆ, ಒಂದು ಬಂದಾದರೆ ಇನ್ನೊಂದು ನೋಡಿಕೊಳ್ಳುತ್ತದೆ ಎಂದು ವಿವರಿಸಿದ. ಮಡಿವಾಳಯ್ಯನವರು ಡಬ್ಬಿ ಎಂಬುದರವರೆಗೆ ಕೇಳಿ ಮುಂದಿನದನ್ನು ಬಿಟ್ಟರು. ಡಬ್ಬಿಯಿಂದ ಡಬ್ಬಿಗೆ ಗಾಳಿಯಲ್ಲಿ ಹೋಗುವುದು ಈ ಮನೆಯಲ್ಲಿ ಆಗಲಿಕ್ಕಿಲ್ಲ, ಪ್ರತಿ ಡಬ್ಬಿಗೂ ವಾಯರು ಎಳೆಯೋಣ ಎಂದ ಸಾಯಿಕುಮಾರ. ಯಾಕೆ ಆಗಲಿಕ್ಕಿಲ್ಲ ಎಂದು ಮಡಿವಾಳಯ್ಯನವರು ಹುಬ್ಬೇರಿಸಿದರು. ಅವನು ಅವರ ಮುಖ ನೋಡಿ, ಈ ಸಲ ಸೆಕೆ ಭಾಳ ಅಲ್ಲರೀ ಎಂದ.

ವಾಯರು ಗೋಡೆಯ ಮೇಲೆ ಕಾಣುವಂತೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಆದ್ದರಿಂದ ನೆಲದ ಫರಸಿಗಳನ್ನು ಎಬ್ಬಿಸಿ ಕೆಳಗೆ ವಾಯರು ಹೂಳುವ ಮಹತ್ಕಾರ್ಯ ಶುರುವಾಯಿತು. ಪಡಸಾಲೆಯಿಂದ ನಡುಮನೆ, ಅಲ್ಲಿಂದ ಅಡುಗೆಮನೆ, ಅಲ್ಲಿಂದ ಸೊಸೆಯ ಕೋಣೆ. ಭಾಗಮ್ಮ ಒಲೆಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಧೂಳಿನಲ್ಲಿ ಜೋಳದ ರೊಟ್ಟಿ ಬಡಿದರು. ರೊಟ್ಟಿಯಲ್ಲಿ ಹರಳು ಸಿಕ್ಕಾಗ ಮಡಿವಾಳಯ್ಯನವರು ಅದನ್ನು ನಾಲಿಗೆಯ ಮೇಲೆ ಹೊರಳಿಸಿ, ನಮ್ಮ ಕಲ್ಲೇ ಎಂದರು.

ಕಡೆಗೂ ಡಬ್ಬಿಗಳು ಕುಳಿತವು. ಸಾಯಿಕುಮಾರ ಪ್ರತಿ ಕೋಣೆಯಲ್ಲೂ ಫೋನು ಹಿಡಿದು ತೋರಿಸಿದ. ವೈಫೈ ಧಂಡಿಯಾಗಿ ಬರುತ್ತಿತ್ತು. ಮಹೇಶಕುಮಾರ ಬಹಳ ದಿನಗಳ ಮೇಲೆ ನಕ್ಕ. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಡಿವಾಳಯ್ಯನವರು ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಗೋಡೆಯನ್ನು ನೋಡಿದರು. ಕರಿನೀಲಿಯ ನುಣುಪು ಕಲ್ಲಿನ ಮೇಲೆ ಬೆಳ್ಳಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಯಾರೋ ತೊಳೆಯದೆ ಬಿಟ್ಟುಹೋದ ಮೊಸರಿನ ಡಬ್ಬಿಯ ಹಾಗೆ. ಗಿರಾಕಿ ಬಂದು ನಿಂತರೆ ಕಣ್ಣು ಮೊದಲು ಅದಕ್ಕೇ ಬೀಳುತ್ತದೆ.

ಮರುದಿನ ಅಡ್ಡೆಯ ಕೆಲಸ ನಿಂತಿತು. ಅಲ್ಲಿನ ಉಳಿಗಳೆಲ್ಲ ಮನೆಗೆ ಬಂದವು. ಹಿಂದೆ ದೀಪ ಇಡಲು ಗೋಡೆಯಲ್ಲಿ ಗೂಡು ಬಿಡುತ್ತಿದ್ದರಲ್ಲ, ಹಾಗೆ ನಡುಮನೆ, ಅಡುಗೆಮನೆ, ಸೊಸೆಯ ಕೋಣೆಗಳಲ್ಲಿ ಒಂದೊಂದು ಗೂಡು ಕೊರೆದು, ಒಳಗೆ ಡಬ್ಬಿಯನ್ನು ಕೂರಿಸಿ, ಮುಂದೆ ಕನ್ನಡಿಯಂತೆ ಪಾಲಿಶ್ ಮಾಡಿದ ದಪ್ಪ ಫರಸಿಯ ಬಾಗಿಲು. ಹಿಡಿದೆಳೆಯಲು ಹಿತ್ತಾಳೆಯ ಗುಬ್ಬಿ, ಕೂದಲೂ ತೂರದಂಥ ಜೋಡಣೆ. ಮುಚ್ಚಿದರೆ ಅಲ್ಲೊಂದು ಗೂಡಿದೆ ಎಂದು ದೇವರಿಗೂ ತಿಳಿಯದು. ಹೀಗೆ ಮುಚ್ಚಿದರೆ ನಡೆಯುತ್ತದೆಯೇ ಎಂದು ಮಗ ಸಾಯಿಕುಮಾರನಿಗೆ ಫೋನು ಮಾಡಿ ಕೇಳಿದ. ಅವನು ಇನ್ಯಾರದೋ ಮನೆಯ ಏಣಿಯ ಮೇಲಿದ್ದ. ಏನೂ ಆಗಲ್ಲ, ಟೆನ್ಶನ್ ತಗೋಬೇಡಿ ಎಂದ. ಒಮ್ಮೆ ನೋಡಿಬಿಡಿ ಎಂದು ಭಾಗಮ್ಮ ಹೇಳಿದ್ದಕ್ಕೆ ಮಡಿವಾಳಯ್ಯನವರು, ನಿನ್ನೆ ನಡೆದದ್ದು ಇಂದು ಯಾಕೆ ನಡೆಯುವುದಿಲ್ಲ, ಪಾಲಿಶ್ ಆದ ಕಲ್ಲನ್ನು ಯಾರಾದರೂ ಮತ್ತೆ ಪಾಲಿಶ್ ಮಾಡುತ್ತಾರೆಯೇ ಎಂದು ಹಂಗಿಸಿ, ಬೀಗರಿಗೆ ಊಟದ ಆಮಂತ್ರಣ ಕೊಟ್ಟರು.

ಬೀಗರು ಬಂದರು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಎಲ್ಲ ಆಯಿತು. ಶ್ರುತಿಯೂ ಬಂದಿದ್ದಳು. ಆದರೆ ಬ್ಯಾಗನ್ನು ಒಳಗೆ ತರದೆ ಹೊಸ್ತಿಲ ಪಕ್ಕದಲ್ಲೇ ಇಟ್ಟಿದ್ದಳು. ಮೊದಲು ಇಂದಿನ ಪಾಠ ಮುಗಿಯಲಿ, ಆಮೇಲೆ ಬ್ಯಾಗು ಬಿಚ್ಚುತ್ತೇನೆ ಎಂದು ಅತ್ತೆಗೆ ಮೆಲ್ಲಗೆ ಹೇಳಿದಳು. ಮಹೇಶಕುಮಾರ ಆ ಬ್ಯಾಗನ್ನು ನೋಡುತ್ತ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವುದನ್ನೇ ಮರೆತ.

ಸಂಜೆ ಪಾಠ ಶುರುವಾಯಿತು. ಸೊಸೆಯ ಕೋಣೆಯಲ್ಲಿ ಶ್ರುತಿ ಲ್ಯಾಪ್‌ಟಾಪಿನ ಮುಂದೆ, ಉಳಿದವರು ಬಾಗಿಲಲ್ಲಿ. ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟು ಎಂದು ಕೇಳಿದಳು. ಪರದೆಯ ಮೇಲಿನ ಮಕ್ಕಳೆಲ್ಲ ಬಾಯಿ ಅರ್ಧ ತೆರೆದಲ್ಲೇ ನಿಂತರು. ಉತ್ತರ ಬರಲಿಲ್ಲ. ಮಡಿವಾಳಯ್ಯನವರು, ಈಗಿನ ಮಕ್ಕಳಿಗೆ ಕಾಲು ಅರ್ಧವೂ ಬರುವುದಿಲ್ಲ ಎಂದು ಮರುಗಿದರು. ಶ್ರುತಿ, ಮಕ್ಕಳು ನಿಂತಿಲ್ಲ, ವೈಫೈ ನಿಂತಿದೆ ಎಂದಳು. ಹಾಗಾದರೆ ಕಂಪನಿಯ ತಪ್ಪು ಎಂದರು. ಆಮೇಲೆ ಮೋಡದ ತಪ್ಪು ಎಂದರು. ಹೊರಗೆ ಚೈತ್ರದ ಬಿಸಿಲು ಕಾಯುತ್ತಿತ್ತು.

ಗುರುಶಾಂತಪ್ಪನವರು ಗಂಟಲು ಸರಿಮಾಡಿಕೊಂಡು, ಆ ಗೂಡಿನ ಬಾಗಿಲನ್ನು ತುಸು ತೆಗೆದು ನೋಡಬಹುದೇನೋ ಎಂದರು. ಮಡಿವಾಳಯ್ಯನವರು ನಕ್ಕರು. ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ಈಗಲೇ ಎಲ್ಲರೆದುರು ಸಾಬೀತು ಮಾಡುವುದಾಗಿ ಹೇಳಿ ಗುಬ್ಬಿ ಹಿಡಿದು ಬಾಗಿಲು ತೆರೆದರು. ಮುಕ್ಕಾಲು ಎಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು. ಮುಚ್ಚಿದರು. ಮಕ್ಕಳು ನಿಂತರು. ಇದು ಕಾಕತಾಳೀಯ ಎಂದು ಮತ್ತೆ ತೆರೆದರು, ಮಕ್ಕಳು ಓಡಾಡಿದರು. ಮತ್ತೆ ಮುಚ್ಚಿದರು, ನಿಂತರು. ಪ್ರಯೋಗ ನಡೆದೇ ನಡೆಯಿತು, ಮಡಿವಾಳಯ್ಯನವರ ಬೆವರು ಪಾಲಿಶಿನ ಮೇಲೆ ತೊಟ್ಟಿಕ್ಕಿತು. ಅತ್ತ ಮಕ್ಕಳ ಮನೆಗಳಲ್ಲಿ ಅಪ್ಪ ಅಮ್ಮ ಅಜ್ಜಂದಿರೆಲ್ಲ ಬಂದು ಹಿಂದೆ ನಿಂತಿದ್ದರು. ಬಾಗಿಲು ತೆರೆದ ಒಂದು ಗಳಿಗೆಯಲ್ಲಿ ಸುಲೇಪೇಟದ ಹುಡುಗಿಯೊಬ್ಬಳ ದನಿ ಸ್ಪಷ್ಟವಾಗಿ ಕೇಳಿತು.

"ಟೀಚರ್, ಅಜ್ಜಾರು ಕಲ್ಲ ಮುಚ್ಚಿದ್ರ ನೀವು ನಿಂದ್ರತೀರಿ. ತೆರದ್ರ ಮಾತಾಡ್ತೀರಿ."

ಮಡಿವಾಳಯ್ಯನವರು ಮತ್ತೊಮ್ಮೆ ಮುಚ್ಚಲು ಕೈಯೆತ್ತಿದರು. ಅಷ್ಟರಲ್ಲಿ ಭಾಗಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ತಿರುಗಣಿಯಿಂದ ಎತ್ತಿ ತೆಗೆದು, ಮಗುವನ್ನು ಎತ್ತಿಕೊಂಡಂತೆ ಸೊಂಟಕ್ಕೆ ಇಟ್ಟುಕೊಂಡರು.

"ಹಪ್ಪಳಾ ಒತ್ತಲಿಕ್ಕ ಒಂದು ನುಣ್ಣಂದು ಕಲ್ಲು ಬೇಕಾಗಿತ್ತು," ಎಂದು ಅಡುಗೆಮನೆಗೆ ಹೊರಟುಹೋದರು.

ಪಾಠ ಮುಗಿಯಿತು. ಶ್ರುತಿ ಬ್ಯಾಗು ಬಿಚ್ಚಿದಳು. ಮಹೇಶಕುಮಾರ ಆರಿದ ಹೋಳಿಗೆಯನ್ನು ಎರಡೆರಡು ತಿಂದ. ಇಷ್ಟಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಹೌದಪ್ಪ, ಕಲ್ಲೇ ತಡೆಯಿತು ಎಂದು ಹೇಳಿ ನಕ್ಕುಬಿಡುತ್ತಿದ್ದರು. ಮಡಿವಾಳಯ್ಯನವರು ಬೇರೆ ಯಾರೂ ಅಲ್ಲವಲ್ಲ. ಭಾಗಮ್ಮ ಬಾಗಿಲು ಕಿತ್ತ ಅದೇ ಗಳಿಗೆಯಲ್ಲಿ ಕಂಪನಿಯವರು ಅಲ್ಲೆಲ್ಲೋ ಸರಿ ಮಾಡಿದರೆಂದೂ, ತಮ್ಮ ಕಲ್ಲಿನ ಮೂಲಕ ವೈಫೈ ನೀರಿನಂತೆ ಹೋಗುತ್ತದೆಂದೂ ವಾದಿಸಿದರು. ನಡುಮನೆ, ಅಡುಗೆಮನೆಗಳ ಕಲ್ಲಿನ ಬಾಗಿಲುಗಳನ್ನು ಯಾರೂ ಮುಟ್ಟಕೂಡದೆಂದು ಆಜ್ಞೆ ಮಾಡಿದರು. ಮರುದಿನ ಪೇಟೆಯಲ್ಲೂ ಅದನ್ನೇ ಹೇಳಿದರು. ಕೇಳಿದವರು ತಲೆಯಾಡಿಸಿ, ಅಜ್ಜಾರೇ, ಇವತ್ತು ಕಲ್ಲು ತೆರೆದಿದೆಯೋ ಮುಚ್ಚಿದೆಯೋ ಎಂದು ವಿಚಾರಿಸಿದರು.

ಬೀಗರು ಊರಿಗೆ ಹೊರಡುವ ದಿನ ಮನೆಯ ಮುಂದೆ ಕಾರೊಂದು ನಿಂತಿತು. ಇಳಿದವರು ಸೇಡಂನ ನರಸಪ್ಪನವರು. ಅಲ್ಲಿ ಮಕ್ಕಳನ್ನು ಇರಿಸಿಕೊಂಡು ಪರೀಕ್ಷೆಗೆ ತಯಾರಿ ಮಾಡಿಸುವ ದೊಡ್ಡ ಹಾಸ್ಟೆಲು ಅವರದು. ಅವರ ಮೊಮ್ಮಗಳು ಶ್ರುತಿಯ ಪಾಠಕ್ಕೆ ಬರುವವಳು. ಆವತ್ತು ಅವಳ ಹಿಂದೆ ನಿಂತು ಪೂರ್ತಿ ಪ್ರಯೋಗವನ್ನು ನೋಡಿದ್ದವರು ಇವರೇ. ಹಾಸ್ಟೆಲಿನ ಹುಡುಗರು ಪುಸ್ತಕದೊಳಗೆ ಫೋನು ಇಟ್ಟುಕೊಂಡು ಹಾಳಾಗುತ್ತಿದ್ದಾರೆ, ಓದುವುದಕ್ಕೆಂದೇ ಒಂದು ದೊಡ್ಡ ಹಾಲ್ ಕಟ್ಟಿಸುತ್ತೇನೆ, ನೆಲ, ಗೋಡೆ, ಮಾಳಿಗೆ, ಬಾಗಿಲು ಎಲ್ಲ ನಿಮ್ಮ ಕಲ್ಲು, ಇಡೀ ವರ್ಷ ನಿಮ್ಮ ಅಡ್ಡೆಗೆ ಇದೇ ಕೆಲಸ ಎಂದರು. ಮಡಿವಾಳಯ್ಯನವರ ಎದೆ ಉಬ್ಬಿತು. ಟೈಲ್ಸಿನವರು ಬಂದ ಮೇಲೆ ಇಂಥ ಮಾತನ್ನು ಅವರು ಕೇಳಿರಲಿಲ್ಲ.

"ಒಂದು ಮಾತು ನಿಮ್ಮ ಬಾಯಿಲೆ ಹೇಳ್ರಿ," ಎಂದರು ನರಸಪ್ಪ. "ನಿಮ್ಮ ಕಲ್ಲ ದಾಟಿ ವೈಫೈ ಬರಂಗಿಲ್ಲ. ಹೌದೋ ಅಲ್ಲೋ?"

ಗುರುಶಾಂತಪ್ಪನವರು ಬಟ್ಟಲಿನಲ್ಲಿ ಚಹಾ ಸುರಿದುಕೊಂಡು ಆರಿಸತೊಡಗಿದರು. ಭಾಗಮ್ಮ ಬಾಗಿಲಿಗೆ ಬಂದು ನಿಂತರು. ಮಡಿವಾಳಯ್ಯನವರು ಅವರನ್ನೂ ಇವರನ್ನೂ ನೋಡಿದರು. ನಿದ್ದೆಗೆಡಿಸಿಕೊಂಡು, ಮನೆಯ ನೆಲವನ್ನೆಲ್ಲ ಅಗೆಸಿ, ಊರೆದುರು ನಗೆಪಾಟಲಾಗಿ ಕಾಪಾಡಿಕೊಂಡು ಬಂದ ಮಾತು. ಒಂದು ಸಲ ಕೆಮ್ಮಿದರು. ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ನರಸಪ್ಪ ಕಿವಿಗೆ ಕೈಯಿಟ್ಟರು.

"ಬರಂಗಿಲ್ರಿ," ಎಂದರು ಮಡಿವಾಳಯ್ಯನವರು ಗಟ್ಟಿಯಾಗಿ. "ನಮ್ಮ ಕಲ್ಲ ದಾಟಿ ವೈಫೈ ಅಲ್ಲ, ಅದರಪ್ಪ ಬಂದರೂ ಬರಂಗಿಲ್ಲ. ಗ್ಯಾರಂಟಿ."

ಹಾಗಾದರೆ ತೋರಿಸಿ ಎಂದರು ನರಸಪ್ಪ. ಮಡಿವಾಳಯ್ಯನವರು ಉತ್ಸಾಹದಿಂದ ಅವರನ್ನು ನಡುಮನೆಗೆ ಕರೆದೊಯ್ದು, ಮಗನಿಂದ ಅವರ ಫೋನಿಗೆ ವೈಫೈ ಹಾಕಿಸಿ, ಗೂಡನ್ನು ತೆರೆದು ಡಬ್ಬಿ ತೋರಿಸಿದರು. ಫೋನಿನಲ್ಲಿ ಯಾವುದೋ ಭಜನೆಯ ವಿಡಿಯೋ ಶುರುವಾಯಿತು. ಇವರು ಕಲ್ಲಿನ ಬಾಗಿಲನ್ನು ಟಪ್ಪನೆ ಮುಚ್ಚಿದರು. ಭಜನೆ ನಡೆಯಿತು. ತೆರೆದು ಇನ್ನೂ ಬಿಗಿಯಾಗಿ ಮುಚ್ಚಿದರು. ಭಜನೆಗೆ ತಾಳವೂ ಸೇರಿತು. ಬೆನ್ನು ಕೊಟ್ಟು ಒತ್ತಿ ನಿಂತರು. ಒಂದು ಡಬ್ಬಿ ಬಂದಾದರೆ ಹತ್ತಿರದ ಇನ್ನೊಂದು ಹಿಡಿದುಕೊಳ್ಳುತ್ತದೆ, ಮೆಶ್ ಎಂದರೆ ಅದೇ. ಎದುರಿಗಿದ್ದ ಸೊಸೆಯ ಕೋಣೆಯ ಗೂಡಿಗೆ ಬಾಗಿಲಿರಲಿಲ್ಲ, ಭಾಗಮ್ಮ ಕಿತ್ತೊಯ್ದ ಆ ಕಲ್ಲು ಅಡುಗೆಮನೆಯಲ್ಲಿ ಹಪ್ಪಳದ ಹಿಟ್ಟಿನಡಿ ಇತ್ತು. ಆ ಕೋಣೆಯ ಡಬ್ಬಿ ಕೋಣೆಯ ತೆರೆದ ಬಾಗಿಲ ಮೂಲಕ ನಡುಮನೆಯನ್ನೂ ನೋಡಿಕೊಳ್ಳುತ್ತಿತ್ತು. ಇದು ಮಹೇಶಕುಮಾರನಿಗೆ ತಿಳಿದಿತ್ತು. ಅಪ್ಪನ ಎದುರಿಗೆ ಅವನಿಗೆ ಬಾಯಿ ಬರುವಷ್ಟರಲ್ಲಿ ನರಸಪ್ಪ ಚಪ್ಪಲಿ ಹುಡುಕುತ್ತಿದ್ದರು.

"ಬರಂಗಿಲ್ರಿ, ಖರೇನೇ ಬರಂಗಿಲ್ಲ," ಎಂದು ಮಡಿವಾಳಯ್ಯನವರು ಅವರ ಹಿಂದೆಯೇ ಅಂಗಳಕ್ಕೆ ಬಂದರು. "ನನ್ನ ಮಾತ ನಂಬ್ರಿ. ಬೇಕಂದ್ರ ನಮ್ಮ ಬೀಗರಿಗೆ ಕೇಳ್ರಿ, ಅವರ ಕಣ್ಣಾರೆ ನೋಡ್ಯಾರ."

ಗುರುಶಾಂತಪ್ಪನವರು ಚಹಾದ ಬಟ್ಟಲನ್ನು ಕೆಳಗಿಟ್ಟು, ಕೋರ್ಟಿನಲ್ಲಿ ಸಾಕ್ಷಿಗೆ ನಿಂತವರ ಹಾಗೆ ಎದ್ದುನಿಂತರು.

"ನಮ್ಮ ಬೀಗರ ಮಾತು ನಾ ಹ್ಯಾಂಗ ತಗದ ಹಾಕ್ಲಿ," ಎಂದರು ಬಲು ಮೆತ್ತಗೆ. "ಅವರು ಮೊದಲಿಂದ ಹೇಳ್ಕೋತ ಬಂದಾರ್ರಿ, ಅವರ ಕಲ್ಲಿನ್ಯಾಗ ವೈಫೈ ನೀರ ಹೋದಂಗ ಹೋಗ್ತದಂತ. ನಾವೇ ನಂಬಿದ್ದಿಲ್ಲ."

ನರಸಪ್ಪನವರು ಬೀಗರಿಗೆ ಕೈಮುಗಿದು ಕಾರು ಹತ್ತಿದರು.